ಪಾಪುಗೆ ಮೆತ್ತನೆ ಹಣ್ಣು ಶುರು ಮಾಡೋದು ಹೇಗೆ: ತೊಳೆಯೋದ್ರಿಂದ ತಿನ್ನಿಸೋವರೆಗೆ ಪೂರ್ತಿ ಗೈಡ್

ಮಗುಗೆ ಹಣ್ಣು ಶುರು ಮಾಡ್ಬೇಕು ಅಂದ ತಕ್ಷಣ ಎಲ್ರೂ ಕೇಳೋದು ಯಾವ ಹಣ್ಣು ಮೊದ್ಲು ಕೊಡ್ಲಿ ಅಂತ. ಬಾಳೆಹಣ್ಣಾ, ಸೇಬಾ, ಪಪ್ಪಾಯನಾ ಅಂತ ಮನೆಯಲ್ಲಿ ದೊಡ್ಡ ಚರ್ಚೆನೇ ನಡಿಯುತ್ತೆ. ನನ್ನ ಕೇಳಿದ್ರೆ ಅದು ಎರಡನೇ ಪ್ರಶ್ನೆ. ಮೊದ್ಲು ನೋಡ್ಬೇಕಾದ್ದು ಆ ಹಣ್ಣು ಎಷ್ಟು ಮೆತ್ತಗಿದೆ, ಯಾವ ಆಕಾರದಲ್ಲಿ ಮಗು ಬಾಯಿಗೆ ಹೋಗ್ತಿದೆ ಅನ್ನೋದು. ಚೆನ್ನಾಗಿ ಕಳಿತ ಪಿಯರ್ ಆದ್ರೆ ಆರು ತಿಂಗಳ ಮಗು ವಸಡಲ್ಲೇ ಹಿಚುಕಿ ನುಂಗುತ್ತೆ, ಅದೇ ಪಿಯರ್ ಇನ್ನೂ ದೋರೆಗಾಯಿ ಆಗಿದ್ರೆ ಮುರಿದ ತುಂಡು ಗಟ್ಟಿಯಾಗೇ ಗಂಟಲಿಗೆ ಜಾರುತ್ತೆ. ಅದಕ್ಕೇ ಹಣ್ಣಿನ ಲಿಸ್ಟ್ ಬಾಯಿಪಾಠ ಮಾಡೋಕಿಂತ ಪ್ರತಿ ಸಲ ಕೈಯಲ್ಲಿ ಹಿಡಿದು ಚೆಕ್ ಮಾಡೋ ಅಭ್ಯಾಸ ಮಾಡ್ಕೊಳ್ಳಿ, ಈ ಇಡೀ ಗೈಡ್ ನಿಂತಿರೋದೇ ಅದರ ಮೇಲೆ.

ಮೊದ್ಲು, ಮಗು ರೆಡಿ ಇದ್ಯಾ?

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಮೊದಲ 6 ತಿಂಗಳು ಬರೀ ಎದೆಹಾಲು, ಆಮೇಲೆ ಹಾಲಿನ ಜೊತೆ ಬೇರೆ ಆಹಾರ ಅಂತ. ಫಾರ್ಮುಲಾ (ಡಬ್ಬಿ ಹಾಲಿನಪುಡಿ) ಕುಡಿಯೋ ಮಕ್ಕಳಿಗೂ ಹೆಚ್ಚುಕಮ್ಮಿ 6 ತಿಂಗಳೇ ಲೆಕ್ಕ. 4 ತಿಂಗಳಿಗೆ ಮುಂಚೆ ಹಣ್ಣಿನ ರಸ ನಾಲಿಗೆಗೆ ಹಚ್ಚೋದು, ಒಂದು ಹನಿ ಅಂತ ಬಾಯಿಗೆ ಬಿಡೋದು, ಇದ್ಯಾವ್ದೂ ಬೇಡ, ಯಾರು ಎಷ್ಟೇ ಪ್ರೀತಿಯಿಂದ ಹೇಳಿದ್ರೂ ಬೇಡ.

ಕ್ಯಾಲೆಂಡರ್ ಜೊತೆಗೆ ಮಗುನೂ ನೋಡ್ಬೇಕು. ಮೂರು ವಿಷ್ಯ ಒಟ್ಟಿಗೆ ಕಾಣಿಸ್ಬೇಕು: ಕತ್ತು ಗಟ್ಟಿಯಾಗಿ ನಿಂತು, ಸ್ವಲ್ಪ ಆಸರೆ ಕೊಟ್ರೆ ನೆಟ್ಟಗೆ ಕೂತ್ಕೊಳ್ಳೋದು, ವಸ್ತುನ ಕಣ್ಣಲ್ಲಿ ನೋಡಿ ಕೈಯಲ್ಲಿ ಹಿಡಿದು ಬಾಯಿಗೆ ತಗೊಂಡು ಹೋಗೋದು, ಬಾಯಿಗೆ ಇಟ್ಟಿದ್ದನ್ನ ನಾಲಿಗೆಯಿಂದ ಹೊರಗೆ ತಳ್ಳದೆ ನುಂಗೋದು. ಈ ತಳ್ಳೋ ಅಭ್ಯಾಸ ಹುಟ್ಟಿನಿಂದ ಬರೋ ರಿಫ್ಲೆಕ್ಸ್, 4ರಿಂದ 6 ತಿಂಗಳ ಒಳಗೆ ನಿಧಾನಕ್ಕೆ ಹೋಗುತ್ತೆ. ಸ್ಪೂನ್ ಇಟ್ಟಾಗೆಲ್ಲ ಎಲ್ಲಾನೂ ಗಲ್ಲದ ಮೇಲೆ ವಾಪಸ್ ಬರ್ತಿದ್ರೆ ಮಗುಗೆ ಹಣ್ಣು ಇಷ್ಟ ಇಲ್ಲ ಅಂತ ಅಲ್ಲ, ಒಂದು ವಾರ ಬಿಟ್ಟು ನೋಡಿ. ರಾತ್ರಿ ಎದ್ದು ಅಳೋದು, ಮುಷ್ಟಿ ಚೀಪೋದು, ನಾವು ತಿನ್ನೋದನ್ನ ಗುರಾಯಿಸಿ ನೋಡೋದು ಇವನ್ನ ಮಾತ್ರ ನಂಬಿ ಶುರು ಮಾಡ್ಬೇಡಿ, ನಾಲ್ಕು ತಿಂಗಳ ಮಕ್ಕಳೂ ಅದನ್ನೆಲ್ಲ ಮಾಡ್ತಾವೆ.

ತಿಂಗಳು ತುಂಬೋ ಮುಂಚೆ ಹುಟ್ಟಿದ ಮಗು ಆದ್ರೆ, ನುಂಗೋ ತೊಂದ್ರೆ ಏನಾದ್ರೂ ಇದ್ರೆ, ಅಥವಾ ಮೈಮೇಲೆ ಜಾಸ್ತಿ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸೋ ತೊಂದ್ರೆ) ಇದ್ರೆ, ಯಾವಾಗ ಹೇಗೆ ಶುರು ಮಾಡ್ಬೇಕು ಅಂತ ನಿಮ್ಮ ಮಕ್ಕಳ ಡಾಕ್ಟರ್ ಹತ್ರನೇ ಕೇಳಿ.

ಕೂರಿಸೋದು ಹೇಗೆ

ಬೆನ್ನು ನೆಟ್ಟಗೆ, ಗಲ್ಲ ಸ್ವಲ್ಪ ಕೆಳಗೆ, ಪಾದಕ್ಕೆ ಆಸರೆ. ಹೈಚೇರ್ ಇದ್ರೆ ಒಳ್ಳೇದು, ಇಲ್ಲಾಂದ್ರೆ ನಿಮ್ಮ ತೊಡೆ ಮೇಲೆ ನೆಟ್ಟಗೆ ಕೂರಿಸ್ಕೊಳ್ಳಿ. ಅರ್ಧ ಮಲಗಿರೋ ಬೌನ್ಸರ್‌ನಲ್ಲಿ, ಓಡ್ತಿರೋ ಕಾರಿನ ಸೀಟಲ್ಲಿ, ಸ್ಟ್ರಾಲರ್‌ನಲ್ಲಿ, ತೆವಳ್ಕೊಂಡು ಆಡ್ತಿರುವಾಗ ಕೊಡಲೇಬೇಡಿ. ಹಿಂದಕ್ಕೆ ವಾಲಿರೋ ಮಗು ಬಾಯಲ್ಲಿ ಹಣ್ಣು ತಾನಾಗೇ ಗಂಟಲ ಕಡೆ ಜಾರುತ್ತೆ, ಅದು ಮುಂದಕ್ಕೆ ತಂದು ಉಗಿಯೋಕೂ ಆಗಲ್ಲ. ಕಾರಲ್ಲಂತೂ ಡ್ರೈವ್ ಮಾಡೋರಿಗೆ ಹಿಂದಿನ ಸೀಟಲ್ಲಿ ಸದ್ದಿಲ್ಲದೆ ಏನಾಗ್ತಿದೆ ಅಂತ ಗೊತ್ತೇ ಆಗಲ್ಲ.

ದೊಡ್ಡೋರು ಒಬ್ರು ಎದುರಿಗೆ ಕೂತಿರ್ಬೇಕು, ಪಕ್ಕದ ರೂಮಲ್ಲಿ ಇದ್ದೀನಿ ಅಂದ್ರೆ ಆಗಲ್ಲ. ಫೋನ್ ದೂರ ಇಡಿ. ಅಣ್ಣ ಅಕ್ಕ ಅನ್ನಿಸ್ಕೊಂಡ ಪುಟ್ಟ ಮಕ್ಕಳಿಗೂ ಹೇಳಿಡಿ, ತಮ್ಮ ತಟ್ಟೆಯಿಂದ ದ್ರಾಕ್ಷಿ ತೆಗೆದು ಪಾಪು ಬಾಯಿಗೆ ಹಾಕ್ಬಾರ್ದು ಅಂತ. ಪ್ರೀತಿಯಿಂದಾನೇ ಮಾಡ್ತಾರೆ, ಆದ್ರೂ ಕಣ್ಣಿಡಿ.

ತೊಳೆಯೋದು ಮತ್ತು ಕುಯ್ಯೋದು

ಮೊದ್ಲು ನಿಮ್ಮ ಕೈ ಸೋಪ್ ಹಾಕಿ ತೊಳ್ಕೊಳ್ಳಿ. ಹಣ್ಣನ್ನ ಹರಿಯೋ ಕುಡಿಯೋ ನೀರಲ್ಲಿ ಕೈಯಿಂದ ಉಜ್ಜಿ ತೊಳೀರಿ, ಸೋಪು ಡಿಟರ್ಜೆಂಟು ಬೇಡ, ಅದು ಸಿಪ್ಪೆ ಒಳಗೆ ಉಳ್ಕೊಳ್ಳುತ್ತೆ. ಸಿಪ್ಪೆ ತೆಗೆದು ಬಿಸಾಕೋ ಹಣ್ಣನ್ನೂ ತೊಳೀಬೇಕು, ಯಾಕಂದ್ರೆ ಚಾಕು ಸಿಪ್ಪೆ ಮೇಲಿಂದ ಹೋಗಿ ತಿರುಳಿಗೆ ಇಳಿಯುವಾಗ ಮೇಲಿರೋ ಕೊಳೆ, ಕೀಟಾಣು ಎಲ್ಲ ಜೊತೇಲೇ ಒಳಗೆ ಹೋಗುತ್ತೆ. ಕರಬೂಜದಂಥ ಒರಟು ಸಿಪ್ಪೆ ಹಣ್ಣನ್ನ ಬ್ರಷ್ ಹಾಕಿ ಉಜ್ಜಿ. ಹಸಿ ಮಾಂಸ ಮೀನು ಕುಯ್ದ ಮಣೆ ಮೇಲೆ ಹಣ್ಣು ಕುಯ್ಬೇಡಿ, ಮಗುಗೆ ಅಂತಾನೇ ಒಂದು ಮಣೆ ಒಂದು ಚಾಕು ಬೇರೆ ಇಟ್ಕೊಂಡ್ರೆ ನೆಮ್ಮದಿ. ಕಲೆ ಬಿದ್ದ ಜಾಗ ಸ್ವಲ್ಪ ಇದ್ರೆ ಅಗಲವಾಗಿ ತೆಗೆದು ಹಾಕಿ, ಬೂಷ್ಟು ಹಿಡಿದಿದ್ರೆ ಇಡೀ ಹಣ್ಣೇ ಬೇಡ.

ಬೆರಳ ಟೆಸ್ಟ್ (ಇದನ್ನ ಸ್ಕಿಪ್ ಮಾಡ್ಬೇಡಿ)

ಹಣ್ಣಿನ ಒಂದು ಹೋಳನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಮೆಲ್ಲಗೆ ಒತ್ತಿ. ಜೋರು ಹಾಕದೇನೇ ಪೂರ್ತಿ ಜಜ್ಜಿ ಪೇಸ್ಟ್ ತರ ಆಯ್ತಾ, ಮಗುಗೆ ಕೊಡ್ಬೋದು. ಒತ್ತಿದಾಗ ಜಾರಿ ಹಾರಿಹೋಯ್ತು, ಎರಡು ತುಂಡಾಗಿ ಮುರೀತು, ಅಥವಾ ಮಧ್ಯೆ ಒಂದು ಗಟ್ಟಿ ತಿರುಳು ಉಳೀತು ಅಂದ್ರೆ ಇನ್ನೂ ಕಳೀಬೇಕು ಅಥವಾ ಬೇಯಿಸ್ಬೇಕು. ಮಗು ವಸಡು ಮತ್ತು ನಾಲಿಗೆ ಮಾಡೋ ಕೆಲ್ಸ ಹೆಚ್ಚುಕಮ್ಮಿ ಆ ಎರಡು ಬೆರಳಿನ ಕೆಲ್ಸದಷ್ಟೇ. ಅರೆಯೋ ದವಡೆ ಹಲ್ಲು ಬರೋದೇ ಒಂದು ವರ್ಷ ದಾಟಿದ ಮೇಲೆ, ಮುಂದಿನ ಎರಡು ಹಲ್ಲು ಬಂದಿದೆ ಅಂತ ಗಟ್ಟಿ ಹಣ್ಣು ಕೊಟ್ರೆ ಆ ಹಲ್ಲು ಕಚ್ಚಿ ತುಂಡು ಮಾಡುತ್ತೆ ಅಷ್ಟೇ, ಅರೆಯೋಕಾಗಲ್ಲ, ಅದು ಇನ್ನೂ ಅಪಾಯ.

ಒಂದು ಹೋಳು ಟೆಸ್ಟ್ ಮಾಡಿ ಉಳಿದದ್ದೆಲ್ಲ ಹಾಗೇ ಇರುತ್ತೆ ಅಂದ್ಕೋಬೇಡಿ. ಮಾವಿನಹಣ್ಣು ತುದಿಯಲ್ಲಿ ಮೆತ್ತಗಿದ್ದು ವಾಟೆ ಹತ್ರ ಗಟ್ಟಿ ನಾರು ಇರುತ್ತೆ, ಪೀಚ್ ಒಂದು ಮಗ್ಗುಲು ಕಳಿತು ಇನ್ನೊಂದು ಮಗ್ಗುಲು ಕಾಯಿ ಇರುತ್ತೆ. ತಟ್ಟೆಗೆ ಹಾಕೋ ಪ್ರತಿ ತುಂಡನ್ನೂ ಒಂದ್ಸಲ ಮುಟ್ಟಿ ನೋಡಿ, ಅರ್ಧ ನಿಮಿಷದ ಕೆಲ್ಸ.

ಹಂತ 1: ಮೊದಲ ಕೆಲವು ದಿನ

ಬೆಳಗ್ಗೆ ಅಥವಾ ಮಧ್ಯಾಹ್ನದ ಹೊತ್ತು ಆರಿಸ್ಕೊಳ್ಳಿ, ರಾತ್ರಿ ಮಲಗೋ ಮುಂಚೆ ಬೇಡ. ಹೊಸ ಹಣ್ಣಿಂದ ಏನಾದ್ರೂ ಆದ್ರೆ ಎಲ್ರೂ ಎದ್ದಿರೋ ಹೊತ್ತಲ್ಲೇ ಗೊತ್ತಾಗ್ಲಿ. ಮಗು ಪೂರ್ತಿ ಹಸಿದು ಅಳ್ತಿರುವಾಗ ಕೊಟ್ರೆ ಸಿಟ್ಟು ಬರುತ್ತೆ, ಅದಕ್ಕೆ ಬೇಕಿರೋದು ಹಾಲು. ಸ್ವಲ್ಪ ಹಾಲು ಕುಡಿದು ಖುಷಿಯಾಗಿರೋ ಹೊತ್ತು ಸರಿಹೋಗುತ್ತೆ.

ಕಳಿತ ಹಣ್ಣನ್ನ ಫೋರ್ಕಲ್ಲಿ ಅಥವಾ ಕೈಯಲ್ಲೇ ನುಣ್ಣಗೆ ಕಿವುಚಿ, ಬೇಕಾದ್ರೆ ಎದೆಹಾಲು, ಫಾರ್ಮುಲಾ ಅಥವಾ ಕುದಿಸಿ ಆರಿಸಿದ ನೀರು ಒಂದೆರಡು ಹನಿ ಹಾಕಿ ತೆಳು ಮಾಡಿ. ಸಕ್ಕರೆ, ಬೆಲ್ಲ, ಉಪ್ಪು ಏನೂ ಬೇಡ. ಜೇನುತುಪ್ಪ ಒಂದು ವರ್ಷ ತುಂಬೋವರೆಗೆ ಒಂದು ಹನಿನೂ ಬೇಡ, ಬೇಯಿಸಿದ್ರೂ ಬೇಡ, ಅದರಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರ್ಬೋದು, ಅದು ಪುಟ್ಟ ಮಗು ಕರುಳಲ್ಲಿ ಬೆಳೆದು ವಿಷ ಉತ್ಪತ್ತಿ ಮಾಡಿ ಕೈಕಾಲಿನ ಶಕ್ತಿ, ಉಸಿರಾಟ ಎಲ್ಲಕ್ಕೂ ತೊಂದ್ರೆ ಕೊಡುತ್ತೆ.

ಮೊದಲ ದಿನ ಒಂದೆರಡು ಪುಟ್ಟ ಸ್ಪೂನ್ ಸಾಕು. ಸ್ಪೂನ್ ತುದಿಯಲ್ಲಿ ಸ್ವಲ್ಪ ತಗೊಂಡು ಮಗು ತುಟಿ ಹತ್ರ ಹಿಡಿದು ಕಾಯಿರಿ, ಅದೇ ಬಾಯಿ ತೆಗೆದು ಮುಂದೆ ಬಾಗ್ಲಿ. ಬಾಯಿ ಒಳಗೆ ತುರುಕಿ ಮೇಲಿನ ಅಂಗುಳಕ್ಕೆ ಒರೆಸೋದು ಬೇಡ, ಹಾಗೆ ಮಾಡಿದ್ರೆ ಮಗು ತನ್ನ ತುಟಿಯಿಂದ ಎಳ್ಕೊಳ್ಳೋದನ್ನ ಕಲಿಯೋದೇ ಇಲ್ಲ. ಮುಖ ಹಿಂಡುತ್ತೆ, ಕಣ್ಣು ಮುಚ್ಚುತ್ತೆ, ಮೈ ಒಂದು ಸಲ ನಡುಗುತ್ತೆ. ಇಷ್ಟು ದಿನ ಬರೀ ಹಾಲು ಕುಡಿದ ನಾಲಿಗೆಗೆ ಹುಳಿ ತಾಗಿದ್ರೆ ಹಾಗೇ ಆಗೋದು. ಅದನ್ನ ನೋಡಿ ಬೇಡ ಅಂತಿದೆ ಅಂತ ನಿಲ್ಲಿಸ್ಬೇಡಿ, ಮತ್ತೆ ಸ್ಪೂನ್ ಹಿಡಿದು ಬಾಯಿ ತೆಗೆಯುತ್ತಾ ನೋಡಿ. ಮುಖ ತಿರುಗಿಸೋದು, ಬಾಯಿ ಬಿಗಿಯಾಗಿ ಮುಚ್ಚೋದು, ಕೈಯಿಂದ ತಳ್ಳೋದು, ಇವು ಸಾಕು ಅನ್ನೋ ಸೂಚನೆ, ಅಲ್ಲಿಗೆ ನಿಲ್ಲಿಸಿ. ಇನ್ನೊಂದು ತುತ್ತು ಇನ್ನೊಂದೇ ತುತ್ತು ಅಂತ ಬಲವಂತ ಮಾಡೋದು, ಮೊಬೈಲ್ ತೋರಿಸಿ ಬಾಯಿ ತೆಗೆಸೋದು ಇವೆರಡೂ ನನಗೆ ಸರಿ ಕಾಣಲ್ಲ, ತನ್ನ ಹೊಟ್ಟೆ ತುಂಬಿದ್ದು ಮಗುಗೆ ಗೊತ್ತಾಗುತ್ತೆ, ಆ ತಿಳುವಳಿಕೆನ ನಾವೇ ಕೆಡಿಸ್ಬಾರ್ದು.

ಹೊಸ ಹಣ್ಣು ಒಂದೊಂದಾಗೇ ಶುರು ಮಾಡಿ. ಒಂದು ಕೊಟ್ಟು ಎರಡು ಮೂರು ದಿನ ನೋಡಿ ಇನ್ನೊಂದಕ್ಕೆ ಹೋದ್ರೆ, ಮೈಮೇಲೆ ದದ್ದು ಎದ್ರೆ ಅಥವಾ ಹೊಟ್ಟೆ ಕೆಟ್ರೆ ಯಾವುದರಿಂದ ಅಂತ ಹಿಡಿಯೋದು ಸುಲಭ. ಆರೋಗ್ಯವಾಗಿರೋ ಮಗುಗೆ ಈ ಅಂತರನ ಅಷ್ಟೊಂದು ಕಟ್ಟುನಿಟ್ಟಾಗಿ ಇಟ್ಕೊಳ್ಳೋದೇನೂ ಬೇಡ, ಮೊದಲ ಒಂದೆರಡು ವಾರ ಆದ ಮೇಲೆ ಸಡಿಲ ಬಿಡ್ಬೋದು. ಒಂದು ಹಣ್ಣನ್ನ ಇವತ್ತು ಉಗಿದ್ರೆ ನಾಲ್ಕು ದಿನ ಬಿಟ್ಟು ಮತ್ತೆ ಕೊಡಿ, ಎಷ್ಟೋ ಮಕ್ಕಳಿಗೆ ಒಂದು ಹೊಸ ರುಚಿ ಒಗ್ಗೋಕೆ 8ರಿಂದ 10 ಸಲ, ಕೆಲವು ಸಲ ಅದಕ್ಕಿಂತ ಜಾಸ್ತಿನೇ ಬೇಕಾಗುತ್ತೆ.

ಹಂತ 2: ಕಿವುಚಿದ್ದರಿಂದ ಕೈಗೆ

ಬರೀ ನುಣ್ಣಗಿನ ಪ್ಯೂರಿಯಲ್ಲೇ ತಿಂಗಳುಗಟ್ಟಲೆ ನಿಲ್ಲಬೇಡಿ. ಗಂಟು ಗಂಟಾಗಿರೋ ಆಹಾರ 9-10 ತಿಂಗಳಾದ್ರೂ ಕಾಣದ ಮಕ್ಕಳು ಆಮೇಲೆ ಅಗಿಯೋ ಊಟಕ್ಕೆ ಜಾಸ್ತಿ ಹಠ ಮಾಡೋದುಂಟು. ಮೊದಲ ಒಂದೆರಡು ವಾರ ನುಣ್ಣಗೆ, ಆಮೇಲೆ ಫೋರ್ಕಲ್ಲಿ ದಪ್ಪದಪ್ಪ ಕಿವುಚಿದ್ದು, ಜೊತೆಜೊತೆಗೇ ಕೈಗೆ ಹಿಡಿಯೋ ಹೋಳು. ಮೊದಲ ದಿನದಿಂದಲೇ ಕೈಗೆ ಕೊಡ್ತೀವಿ ಅನ್ನೋರೂ ಇದ್ದಾರೆ, ಮಗು ಚೆನ್ನಾಗಿ ಕೂರುತ್ತೆ, ಹಣ್ಣು ಬೆರಳ ಟೆಸ್ಟ್ ಪಾಸಾಗಿದೆ ಅಂದ್ರೆ ಅದೂ ಸರಿನೇ.

ಹೋಳಿನ ಸೈಜಲ್ಲಿ ತುಂಬಾ ಜನ ಉಲ್ಟಾ ಯೋಚನೆ ಮಾಡ್ತಾರೆ. ಪುಟ್ಟ ಮಗು ಅಂತ ಪುಟ್ಟ ಪುಟ್ಟ ತುಂಡು ಮಾಡಿ ಹಾಕ್ತಾರೆ. 6-7 ತಿಂಗಳ ಮಗು ಇಡೀ ಅಂಗೈಯಿಂದ ಮುಷ್ಟಿ ಮಾಡಿ ಹಿಡಿಯುತ್ತೆ, ಮುಷ್ಟಿ ಒಳಗೆ ಹೋದ ತುಂಡು ಅದಕ್ಕೆ ಸಿಗೋದೇ ಇಲ್ಲ. ಅದಕ್ಕೆ ನಿಮ್ಮ ಬೆರಳಷ್ಟು ಉದ್ದ, ಬೆರಳಷ್ಟು ಅಗಲ ಇರೋ ಮೆತ್ತನೆ ಹೋಳು ಬೇಕು, ಅರ್ಧ ಮುಷ್ಟಿಯಲ್ಲಿ, ಅರ್ಧ ಹೊರಗೆ. 9 ತಿಂಗಳ ಆಸುಪಾಸು ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಕಸನೂ ಎತ್ತೋಕೆ ಶುರು ಮಾಡುತ್ತಲ್ಲ, ಆಗ ಕಡಲೆಕಾಳಿನ ಸೈಜಿನ ಮೆತ್ತನೆ ತುಂಡಿಗೆ ಇಳಿಸ್ಬೋದು.

ಬಾಳೆಹಣ್ಣಿಗೆ ಒಂದು ಸುಲಭ ಉಪಾಯ ಇದೆ. ಸಿಪ್ಪೆ ಸುಲಿದು ಅರ್ಧಕ್ಕೆ ಮುರಿದು, ಮುರಿದ ಜಾಗದ ನಡುಮಧ್ಯಕ್ಕೆ ತೋರುಬೆರಳ ತುದಿ ಇಟ್ಟು ಮೆಲ್ಲಗೆ ಒಳಗೆ ತಳ್ಳಿ, ಹಣ್ಣು ತಾನಾಗೇ ಉದ್ದಕ್ಕೆ ಮೂರು ಎಸಳಾಗಿ ಬಿಡಿಸ್ಕೊಳ್ಳುತ್ತೆ. ಚಾಕುನೇ ಬೇಡ, ಒಂದೊಂದು ಎಸಳೂ ಮಗು ಮುಷ್ಟಿಗೆ ಹೇಳಿ ಮಾಡಿಸಿದ ಸೈಜು, ಒಳಮೈ ಸ್ವಲ್ಪ ತರಿತರಿ ಇರೋದ್ರಿಂದ ಜಾರೋದೂ ಕಮ್ಮಿ. ಗುಂಡಗೆ ಬಿಲ್ಲೆ ಬಿಲ್ಲೆ ಮಾತ್ರ ಕುಯ್ಬೇಡಿ.

ಮಾವು, ಬೆಣ್ಣೆಹಣ್ಣು (ಅವಕಾಡೊ), ಪಪ್ಪಾಯ ಕೈಗೆ ಹಿಡಿಯೋಕೆ ತುಂಬಾ ಜಾರುತ್ತೆ, ಮಗುಗೆ ಸಿಟ್ಟು ಬರುತ್ತೆ. ನುಣ್ಣಗೆ ಪುಡಿ ಮಾಡಿದ ಓಟ್ಸ್ ಮೇಲೆ ಹೊರಳಿಸಿ ಕೊಟ್ರೆ ಹಿಡಿತ ಸಿಗುತ್ತೆ, ಅಥವಾ ಅಲೆಅಲೆ ಕುಯ್ಯೋ ಕಟರ್ ಇದ್ರೆ ಅದ್ರಲ್ಲಿ ಕುಯ್ಯಿರಿ.

ಒಂದೊಂದು ಹಣ್ಣು, ಒಂದೊಂದು ಜಾಗ್ರತೆ

ಬೆಣ್ಣೆಹಣ್ಣು ನನ್ನ ಲಿಸ್ಟಲ್ಲಿ ಮೇಲಿದೆ. ಸಿಹಿ ಇಲ್ಲ, ಒಳ್ಳೆ ಕೊಬ್ಬಿದೆ, ಕಳಿತ್ರೆ ಬೆಣ್ಣೆ ತರಾನೇ ಇರುತ್ತೆ. ತೊಟ್ಟಿನ ಹತ್ರ ಒತ್ತಿದ್ರೆ ಬಗ್ಗಬೇಕು, ಗಟ್ಟಿ ಇದ್ರೆ ಎರಡು ದಿನ ಹೊರಗೇ ಇಡಿ.

ಬಾಳೆಹಣ್ಣು ಸಿಪ್ಪೆ ಮೇಲೆ ಕಂದು ಚುಕ್ಕೆ ಬಂದ ಮೇಲೆ ಕೊಡಿ. ಹಸಿರು ಮಿಶ್ರಿತ ಹಳದಿ ಇರುವಾಗ ಅದರಲ್ಲಿ ಜೀರ್ಣ ಆಗದ ಪಿಷ್ಟ ಜಾಸ್ತಿ, ಕೆಲವು ಮಕ್ಕಳಿಗೆ ಮಲಬದ್ಧತೆ ಆಗುತ್ತೆ. ಬಾಳೆಹಣ್ಣು ತಿಂದ ಮಾರನೇ ದಿನ ಡೈಪರಲ್ಲಿ ಕಪ್ಪು ದಾರದ ಎಳೆ ತರ ಕಂಡ್ರೆ ಹುಳ ಅಂತ ಗಾಬರಿ ಬೀಳ್ಬೇಡಿ, ಅದು ಹಣ್ಣಿನ ಮಧ್ಯದ ನಾರು.

ಪಪ್ಪಾಯ ಪೂರ್ತಿ ಹಣ್ಣಾಗಿರ್ಬೇಕು, ಬೀಜ ಒಂದೂ ಉಳೀಬಾರ್ದು, ಕಾಯಿ ಹಾಲು ಇರೋ ಭಾಗ ಬೇಡ. ಮಾವಿನ ಸಿಪ್ಪೆ, ತೊಟ್ಟಿನ ಸೊನೆ ಮಗು ತುಟಿಗೆ ತಾಗದ ಹಾಗೆ ನೋಡ್ಕೊಳ್ಳಿ, ಚರ್ಮ ಉರಿದು ಗುಳ್ಳೆ ಏಳ್ಬೋದು. ತಿರುಳು ತುಂಬಾ ನಾರಿದ್ರೆ ಜರಡಿಯಲ್ಲಿ ಸೋಸಿ.

ಪಿಯರ್, ಪೀಚ್, ಪ್ಲಮ್: ಸಿಪ್ಪೆ, ಬೀಜ, ವಾಟೆ ತೆಗೆದು, ಮೆತ್ತಗಿದ್ರೆ ಹಾಗೇ, ಇಲ್ಲಾಂದ್ರೆ ಹಬೆಯಲ್ಲಿ ಐದಾರು ನಿಮಿಷ. ಸೇಬು ಮಾತ್ರ ಯಾವತ್ತೂ ಹಸಿ ಹೋಳಾಗಿ ಬೇಡ. ಎಷ್ಟು ಹಣ್ಣಾಗಿದ್ರೂ ಅದು ಗಟ್ಟಿ, ಕಚ್ಚಿದ್ರೆ ಚೂರಾಗಿ ಸಿಡಿಯುತ್ತೆ, ಪುಟ್ಟ ಮಕ್ಕಳಿಗೆ ಉಸಿರು ಕಟ್ಟಿಸೋ ಆಹಾರಗಳ ಸಾಲಲ್ಲಿ ಹಸಿ ಸೇಬು ಮುಂದೆನೇ ಇರುತ್ತೆ. ಸಿಪ್ಪೆ ತೆಗೆದು ಹಬೆಯಲ್ಲಿ ಹತ್ತು ನಿಮಿಷದ ಹತ್ರ ಬೇಯಿಸಿ, ಬೆರಳಲ್ಲಿ ಒತ್ತಿ ನೋಡಿ, ಪೂರ್ತಿ ಜಜ್ಜಿದ್ರೆ ಸರಿ. ತುರಿಮಣೆಯ ಸಣ್ಣ ಹಲ್ಲಲ್ಲಿ ನುಣ್ಣಗೆ ತುರಿದ ಹಸಿ ಸೇಬು ಕೊಡ್ಬೋದು.

ಬ್ಲೂಬೆರಿ ಗುಂಡಗಿರೋದ್ರಿಂದ ಒಂದೊಂದನ್ನೂ ಬೆರಳಲ್ಲಿ ಚಪ್ಪಟೆ ಒತ್ತಿ ಕೊಡಿ. ಸ್ಟ್ರಾಬೆರಿ ತುಂಬಾ ಮೆತ್ತಗಿದ್ರೆ ಉದ್ದ ಹೋಳು, ಗಟ್ಟಿ ಇದ್ರೆ ಕಿವುಚಿ. ಫ್ರೋಜನ್ ಬೆರಿಗಳನ್ನ ಹಾಗೇ ಕರಗಿಸಿ ಕೊಡ್ಬೇಡಿ, ಫ್ರೀಜ್ ಮಾಡಿದ್ರೆ ವೈರಸ್ ಸಾಯಲ್ಲ, ಫ್ರೋಜನ್ ಬೆರಿಯಿಂದ ಹೆಪಟೈಟಿಸ್ ಎ ಅನ್ನೋ ಲಿವರ್ ಸೋಂಕು ಹರಡಿರೋದು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿದೆ, ಮಗುಗೆ ಕೊಡೋವಾಗ ಒಂದು ಕುದಿ ಬರಿಸಿ ಆರಿಸಿ ಕೊಡಿ. ಕಿತ್ತಳೆ ಮೂಸಂಬಿ ತೊಳೆ ಮೇಲಿನ ತೆಳು ಪೊರೆ ಪೂರ್ತಿ ಬಿಡಿಸಿ, ಬೀಜ ತೆಗೆದು, ತಿರುಳನ್ನ ಚೂರು ಮಾಡಿ. ಕಲ್ಲಂಗಡಿಯಲ್ಲಿ ಕಪ್ಪು ಬೀಜದ ಜೊತೆ ಬಿಳಿ ಬೀಜನೂ ತೆಗೀರಿ, ಗರಿಗರಿ ಇರೋ ತುಂಡು ಸಣ್ಣಗೆ ಕಿವುಚಿ ಕೊಡಿ.

ಈಗ ದ್ರಾಕ್ಷಿ. ಇದರ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಇಡೀ ದ್ರಾಕ್ಷಿ ಗುಂಡಗೆ, ನುಣ್ಣಗೆ, ಮೆತ್ತಗೆ ಇದ್ದು ಒತ್ತಿದ್ರೆ ಬಾಗುತ್ತೆ, ಮಗು ಶ್ವಾಸನಾಳದ ಬಾಯಿಗೆ ಬಾಟಲಿಗೆ ಬಿರಡೆ ಕೂತ ಹಾಗೆ ಕೂತ್ಬಿಡುತ್ತೆ, ಗಾಳಿ ಹೋಗೋಕೆ ಸಂದಿನೇ ಇರಲ್ಲ. ಮೆತ್ತಗಿರೋ ಹಣ್ಣೆಲ್ಲ ಸೇಫ್ ಅಲ್ಲ ಅನ್ನೋದಕ್ಕೆ ಇದೇ ಸಾಕ್ಷಿ, ಆಕಾರನೂ ನೋಡ್ಬೇಕು. ಬೀಜ ತೆಗೆದು ಉದ್ದಕ್ಕೆ ನಾಲ್ಕು ಭಾಗ ಮಾಡಿ, ಆರೇಳು ತಿಂಗಳ ಮಗುಗಾದ್ರೆ ಸಿಪ್ಪೆನೂ ತೆಗೆದು ಕಿವುಚಿ. ಅಡ್ಡಕ್ಕೆ ಎರಡು ಭಾಗ ಮಾಡಿದ್ರೆ ಅದು ಇನ್ನೂ ಗುಂಡಗೇ ಇರುತ್ತೆ, ಪ್ರಯೋಜನ ಇಲ್ಲ. ಈ ಉದ್ದಕ್ಕೆ ಕುಯ್ಯೋ ನಿಯಮ 5 ವರ್ಷದವರೆಗೂ ಬಿಡ್ಬೇಡಿ. ಚೆರಿ, ಲಿಚಿ ಇವಕ್ಕೂ ಇದೇ ಮಾತು, ಮೊದ್ಲು ಬೀಜ ತೆಗೆದು ಆಮೇಲೆ ಸಣ್ಣಗೆ.

ಒಣದ್ರಾಕ್ಷಿ, ಖರ್ಜೂರದಂಥ ಒಣಹಣ್ಣು ತುಂಡಾಗಿ ಬೇಡ, ಅಂಟು ಅಂಟಾಗಿ ಗಂಟಲಲ್ಲೂ ಹಲ್ಲಲ್ಲೂ ಹಿಡ್ಕೊಳ್ಳುತ್ತೆ. ಬೇಕೇಬೇಕು ಅಂದ್ರೆ ನೆನೆಸಿ ರುಬ್ಬಿ ಸ್ವಲ್ಪ. ಡಬ್ಬಿ ಹಣ್ಣು ಸಕ್ಕರೆ ಪಾಕದಲ್ಲಿ ಇರೋದು ಬೇಡ.

ಜ್ಯೂಸ್ ಬಗ್ಗೆ ಒಂದೇ ಮಾತು, ಒಂದು ವರ್ಷದವರೆಗೆ ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲೇ ಇದನ್ನ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲೇ ಹಿಂಡಿದ್ದಾದ್ರೂ ನಾರು ಹೋಗಿ ಸಕ್ಕರೆ ಉಳಿಯುತ್ತೆ, ಹೊಟ್ಟೆ ತುಂಬಿ ಹಾಲು ಕಮ್ಮಿ ಕುಡಿಯುತ್ತೆ. ಊಟದ ಜೊತೆ ಪುಟ್ಟ ಕಪ್ಪಲ್ಲಿ ಒಂದೆರಡು ಗುಟುಕು ನೀರು ಸಾಕು. ಪೌಚಲ್ಲಿ ಬರೋ ಪ್ಯೂರಿ ಅಪರೂಪಕ್ಕೆ ಪರವಾಗಿಲ್ಲ, ಆದ್ರೆ ಸ್ಪೂನಿಗೆ ಹಿಂಡಿ ತಿನ್ನಿಸಿ, ಬಾಯಿಗಿಟ್ಟು ಚೀಪೋಕೆ ಬಿಡ್ಬೇಡಿ.

ಓಕರಿಕೆ ಬೇರೆ, ಉಸಿರು ಕಟ್ಟೋದು ಬೇರೆ

ಇದು ಗೊತ್ತಿಲ್ದೆ ಹಣ್ಣು ಶುರು ಮಾಡ್ಬೇಡಿ, ಮಗುಗೆ ತಿನ್ನಿಸೋ ಅಜ್ಜಿ, ತಾತ, ಆಯಾ ಎಲ್ರಿಗೂ ತೋರಿಸ್ಕೊಡಿ.

ದೊಡ್ಡೋರಿಗಿಂತ ಮಗುಗೆ ಓಕರಿಕೆ ಬರಿಸೋ ಜಾಗ ನಾಲಿಗೆ ಮೇಲೆ ಇನ್ನೂ ಮುಂದೆ ಇರುತ್ತೆ, ಹಾಗಾಗಿ ತುಂಡು ಸ್ವಲ್ಪ ಹಿಂದೆ ಹೋದ ತಕ್ಷಣ ಓ ಅಂತ ಓಕರಿಸುತ್ತೆ, ಮುಖ ಕೆಂಪಗಾಗುತ್ತೆ, ಕಣ್ಣಲ್ಲಿ ನೀರು ಬರುತ್ತೆ, ಕೆಮ್ಮುತ್ತೆ, ನಾಲಿಗೆ ಚಾಚಿ ತುಂಡನ್ನ ಮುಂದೆ ತರುತ್ತೆ. ಸದ್ದು ಇದೆ, ಗಾಳಿ ಆಡ್ತಿದೆ. ನೋಡೋಕೆ ಭಯ ಆಗುತ್ತೆ ನಿಜ, ಆದ್ರೆ ಮಗು ತನ್ನನ್ನ ತಾನೇ ಕಾಪಾಡ್ಕೊಳ್ತಿದೆ. ಆಗ ಬೆರಳು ಹಾಕಿ ತೆಗೆಯೋಕೆ ಹೋದ್ರೆ ತುಂಡು ಇನ್ನೂ ಒಳಗೆ ಹೋಗುತ್ತೆ, ಬೆನ್ನಿಗೆ ಗುದ್ದಿದ್ರೂ ಅಷ್ಟೇ. ಶಾಂತವಾಗಿ ಮಗು ಮುಖ ನೋಡ್ತಾ ಸ್ವಲ್ಪ ಮುಂದಕ್ಕೆ ಬಾಗಿಸಿ ಕಾಯಿರಿ.

ಉಸಿರು ಕಟ್ಟಿದಾಗ ಸದ್ದೇ ಇರಲ್ಲ. ಬಾಯಿ ತೆಗೆದಿದೆ, ಅಳು ಬರ್ತಿಲ್ಲ, ಕೆಮ್ಮು ಬರ್ತಿಲ್ಲ ಅಥವಾ ತೀರಾ ಕ್ಷೀಣ, ತುಟಿ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗ್ತಿದೆ. ಆಗ ಒಂದು ಕ್ಷಣನೂ ಕಾಯ್ಬೇಡಿ. ಸಹಾಯಕ್ಕೆ ಕೂಗಿ, ಇನ್ನೊಬ್ರು ಆಂಬುಲೆನ್ಸ್‌ಗೆ ಫೋನ್ ಮಾಡ್ಲಿ. ಒಂದು ವರ್ಷದೊಳಗಿನ ಮಗುಗೆ ಮಾಡೋದು ಹೀಗೆ:

1. ಮಗುನ ನಿಮ್ಮ ಮುಂಗೈ ಮೇಲೆ ಬೋರಲು ಮಲಗಿಸಿ, ಮುಂಗೈ ತೊಡೆ ಮೇಲೆ ಆನಿಸಿ, ತಲೆ ಎದೆಗಿಂತ ಕೆಳಗೆ ಇರ್ಲಿ. ದವಡೆಯನ್ನ ಕೈಯಲ್ಲಿ ಹಿಡ್ಕೊಳ್ಳಿ, ಗಂಟಲು ಒತ್ತಬಾರ್ದು.
2. ಎರಡು ಹೆಗಲ ಮೂಳೆ ಮಧ್ಯೆ ಅಂಗೈ ಬುಡದಿಂದ 5 ಸಲ ಬಿಗಿಯಾಗಿ ತಟ್ಟಿ. ತುಂಡು ಹೊರಗೆ ಬಂತಾ ಅಂತ ನೋಡ್ಕೊಳ್ಳಿ.
3. ಬರ್ಲಿಲ್ಲ ಅಂದ್ರೆ ಅಂಗಾತ ತಿರುಗಿಸಿ, ತಲೆ ಕೆಳಗೇ ಇರ್ಲಿ, ಎದೆ ಮಧ್ಯದ ಮೂಳೆಯ ಕೆಳ ಅರ್ಧದ ಮೇಲೆ, ಮೊಲೆತೊಟ್ಟಿನ ಗೆರೆಗಿಂತ ಸ್ವಲ್ಪ ಕೆಳಗೆ, 5 ಸಲ ಜೋರಾಗಿ ಒತ್ತಿ. ಎರಡು ಬೆರಳಿಂದ ಒತ್ತೋದನ್ನ ತುಂಬಾ ಕಡೆ ಕಲಿಸ್ತಾರೆ, ಅಂಗೈ ಬುಡದಿಂದ ಒತ್ತೋದನ್ನೂ ಕಲಿಸ್ತಾರೆ.
4. ತುಂಡು ಬರೋವರೆಗೆ ಅಥವಾ ಮಗು ಅಳೋವರೆಗೆ 5 ತಟ್ಟೋದು 5 ಒತ್ತೋದು ಹೀಗೇ ಮುಂದುವರಿಸಿ. ಮಗು ಪ್ರಜ್ಞೆ ತಪ್ಪಿ ಸಪ್ಪಗಾದ್ರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡೋದು) ಶುರು ಮಾಡ್ಬೇಕು.

ಇಷ್ಟು ಪುಟ್ಟ ಮಗುಗೆ ಹೊಟ್ಟೆ ಅದುಮೋದು ಬೇಡ, ಒಳಗಿನ ಅಂಗಕ್ಕೆ ಪೆಟ್ಟಾಗುತ್ತೆ. ಬಾಯಿ ಒಳಗೆ ಕಾಣದೆ ಬೆರಳಾಡಿಸೋದೂ ಬೇಡ, ತುಂಡು ಕಣ್ಣಿಗೆ ಕಾಣ್ತಿದ್ರೆ ಮಾತ್ರ ತೆಗೀರಿ. ತುಂಡು ಹೊರಗೆ ಬಂದು ಮಗು ಸರಿಯಾದ್ರೂ ಡಾಕ್ಟರ್‌ಗೆ ಒಂದ್ಸಲ ತೋರಿಸಿ. ಓದಿ ತಿಳ್ಕೊಂಡಿದ್ದು ಆ ಹೊತ್ತಲ್ಲಿ ಕೈಗೆ ಬರಲ್ಲ, ಹಾಗಾಗಿ ಹತ್ರದಲ್ಲಿ ಎಲ್ಲಾದ್ರೂ ಪ್ರಥಮ ಚಿಕಿತ್ಸೆ ತರಬೇತಿ ಇದ್ರೆ ಬೊಂಬೆ ಮೇಲೆ ಒಂದ್ಸಲ ಮಾಡಿ ನೋಡಿ ಅಂತ ಕೈಮುಗಿದು ಕೇಳ್ಕೊಳ್ತೀನಿ.

ಬಾಯಿ ಸುತ್ತ ಕೆಂಪಾದ್ರೆ ಅಲರ್ಜಿನಾ?

ಎಲ್ಲಾ ಸಲ ಅಲ್ಲ. ಸ್ಟ್ರಾಬೆರಿ, ಕಿತ್ತಳೆ, ಕಿವಿ, ಅನಾನಸ್ ಇವೆಲ್ಲ ಹುಳಿ ಹಣ್ಣು, ರಸ ತಾಗಿದ ಕಡೆ ಮಾತ್ರ ಚರ್ಮ ಕೆಂಪಾಗಿ, ತೊಳೆದ ಮೇಲೆ ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ. ತಿನ್ನಿಸೋ ಮುಂಚೆ ಗಲ್ಲಕ್ಕೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ತಿಂದಾದ್ಮೇಲೆ ಒರೆಸೋ ಬದ್ಲು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೀರಿ.

ರಸ ತಾಗದ ಜಾಗದಲ್ಲೂ, ಅಂದ್ರೆ ಹೊಟ್ಟೆ ಬೆನ್ನ ಮೇಲೆ ದದ್ದು ಎದ್ರೆ, ತುಟಿ ಕಣ್ಣು ಊದಿದ್ರೆ, ತಿಂದ ಸ್ವಲ್ಪ ಹೊತ್ತಲ್ಲೇ ಮತ್ತೆ ಮತ್ತೆ ವಾಂತಿ ಆದ್ರೆ ಆ ಹಣ್ಣು ನಿಲ್ಲಿಸಿ ಡಾಕ್ಟರ್‌ಗೆ ಹೇಳಿ. ಉಸಿರಾಡುವಾಗ ಸೀಟಿ ಸದ್ದು, ನಾಲಿಗೆ ಊತ, ಮಗು ಸೋತು ಬಿಳುಚಿಕೊಳ್ಳೋದು ಇದ್ರೆ ಎಮರ್ಜೆನ್ಸಿ, ನೇರ ಆಸ್ಪತ್ರೆಗೆ. ಕಿವಿ ಹಣ್ಣು ಮತ್ತು ಪೀಚ್‌ಗೆ ನಿಜವಾದ ಅಲರ್ಜಿ ಇರೋ ಮಕ್ಕಳು ಇದ್ದಾರೆ, ಹಾಗಾಗಿ ಮೊದಲನೇ ಸಲ ಒಂದು ಚೂರು ಮಾತ್ರ ಕೊಟ್ಟು ನೋಡಿ.

ಎಷ್ಟು ಕೊಡ್ಬೇಕು, ಹಣ್ಣಿನ ಜೊತೆ ಏನು

ಹಣ್ಣು ಸಿಹಿ, ಮಾಡೋದು ಸುಲಭ, ಮಗು ಬೇಡ ಅನ್ನಲ್ಲ, ಅದಕ್ಕೇ ದಿನಕ್ಕೆ ಮೂರು ಹೊತ್ತೂ ಹಣ್ಣೇ ಆಗ್ಬಿಡೋ ಅಪಾಯ ಇದೆ. ಹುಟ್ಟುವಾಗ ತಂದ ಕಬ್ಬಿಣಾಂಶದ ದಾಸ್ತಾನು 6 ತಿಂಗಳ ಹೊತ್ತಿಗೆ ಖಾಲಿಯಾಗ್ತಾ ಬರುತ್ತೆ, ಹಣ್ಣಲ್ಲಿ ಕಬ್ಬಿಣ ತುಂಬಾ ಕಮ್ಮಿ. ಬೇಯಿಸಿ ಕಿವುಚಿದ ಬೇಳೆಕಾಳು, ಪೂರ್ತಿ ಬೆಂದ ಮೊಟ್ಟೆ, ತಿನ್ನೋರಾದ್ರೆ ಮಾಂಸ, ಕಬ್ಬಿಣ ಸೇರಿಸಿರೋ ಸಿರಿಯಲ್ ಇವು ಮುಖ್ಯ ಊಟ, ಹಣ್ಣು ಅದರ ಜೊತೆಗಾರ. ಆ ಜೊತೆನೂ ದೊಡ್ಡ ಉಪಕಾರನೇ ಮಾಡುತ್ತೆ, ಪಪ್ಪಾಯ, ಕಿತ್ತಳೆ, ಸ್ಟ್ರಾಬೆರಿ, ಕಿವಿಯಲ್ಲಿರೋ ವಿಟಮಿನ್ ಸಿ ಬೇಳೆಕಾಳಿನ ಕಬ್ಬಿಣನ ದೇಹ ಹೀರ್ಕೊಳ್ಳೋಕೆ ನೆರವಾಗುತ್ತೆ. ಹಾಗಾಗಿ ಬೇರೆ ಬೇರೆ ಹೊತ್ತಲ್ಲಿ ಕೊಡೋ ಬದ್ಲು ಅದೇ ಊಟದ ಜೊತೆ ಎರಡು ಹೋಳು ಇಡಿ.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 6ರಿಂದ 8 ತಿಂಗಳಿಗೆ ದಿನಕ್ಕೆ 2-3 ಸಲ, 9 ತಿಂಗಳಿಂದ 3-4 ಸಲ ಊಟ. ಹಣ್ಣು ಅದರಲ್ಲಿ ಒಂದೆರಡು ಸಲ, ಶುರುವಲ್ಲಿ ಒಂದೆರಡು ಚಮಚ, ಆಮೇಲೆ ಮಗು ಕೇಳಿದಷ್ಟು ಸ್ವಲ್ಪ ಸ್ವಲ್ಪ. ಒಂದು ವರ್ಷದವರೆಗೂ ಎದೆಹಾಲು ಅಥವಾ ಫಾರ್ಮುಲಾನೇ ಮುಖ್ಯ, ಹಣ್ಣು ತಿಂದಿದೆ ಅಂತ ಹಾಲು ತಪ್ಪಿಸ್ಬೇಡಿ.

ಡೈಪರ್ ಸಮಾಚಾರ

ಹಣ್ಣು ಶುರು ಆದ ಮೇಲೆ ಮೋಷನ್ ಬದಲಾಗೇ ಆಗುತ್ತೆ, ಗಟ್ಟಿ ಆಗ್ಬೋದು, ವಾಸನೆ ಜಾಸ್ತಿ ಆಗ್ಬೋದು, ಬ್ಲೂಬೆರಿ ತಿಂದ್ರೆ ಕಡುನೀಲಿ ಕಪ್ಪು ಬಣ್ಣ, ಪಪ್ಪಾಯ ತಿಂದ್ರೆ ಕಿತ್ತಳೆ ಬಣ್ಣ, ಕೆಲವು ಸಲ ಸಿಪ್ಪೆ ಚೂರು ಹಾಗೇ ಬರುತ್ತೆ. ಮೋಷನ್ ಗಟ್ಟಿಯಾಗಿ, ತಿಣುಕ್ತಾ ಅಳ್ತಿದ್ರೆ ಪಿಯರ್, ಪ್ಲಮ್, ಪೀಚ್ ಕೊಡಿ, ಅವುಗಳಲ್ಲಿರೋ ಸಾರ್ಬಿಟಾಲ್ ಅನ್ನೋ ಸಕ್ಕರೆಯಂಥ ಅಂಶ ಕರುಳಿಗೆ ನೀರು ಎಳೆದು ಮೆತ್ತಗೆ ಮಾಡುತ್ತೆ. ತುಂಬಾ ನೀರಾಗಿ ಹೋಗ್ತಿದ್ರೆ ಇವನ್ನೇ ಕಮ್ಮಿ ಮಾಡಿ. ರಕ್ತ ಕಂಡ್ರೆ, ಬಿಳಿ ಸುಣ್ಣದ ತರ ಇದ್ರೆ, ಭೇದಿ ಜೊತೆ ಜ್ವರ ಬಂದ್ರೆ ಅಥವಾ ಮೂತ್ರ ಕಮ್ಮಿಯಾದ್ರೆ ಡಾಕ್ಟರ್ ಹತ್ರ ಹೋಗಿ.

ಉಳಿದದ್ದನ್ನ ಇಡೋದು

ಮಗು ಸ್ಪೂನ್ ತಾಗಿದ ಬಟ್ಟಲಲ್ಲಿ ಉಳಿದದ್ದು ವಾಪಸ್ ಡಬ್ಬಿಗೆ ಹೋಗ್ಬಾರ್ದು, ಎಂಜಲಲ್ಲಿರೋ ಬ್ಯಾಕ್ಟೀರಿಯಾ ಹಣ್ಣಿನ ಸಿಹಿಯಲ್ಲಿ ಬೇಗ ಬೆಳೆಯುತ್ತೆ. ಅದಕ್ಕೇ ಮೊದಲೇ ಎರಡು ಚಮಚ ಬೇರೆ ಬಟ್ಟಲಿಗೆ ತೆಕ್ಕೊಂಡು ತಿನ್ನಿಸಿ, ಸಾಲದಿದ್ರೆ ಬೇರೆ ಒಣ ಸ್ಪೂನಲ್ಲಿ ಮತ್ತೆ ಹಾಕ್ಕೊಳ್ಳಿ. ಎಂಜಲಾಗದ ಪ್ಯೂರಿ ಮುಚ್ಚಳ ಹಾಕಿ ಫ್ರಿಡ್ಜಲ್ಲಿ ಒಂದೆರಡು ದಿನ ಇಡ್ಬೋದು, ಹೊರಗೆ 2 ಗಂಟೆಗಿಂತ ಜಾಸ್ತಿ ಇಟ್ಟಿದ್ದು ಬಿಸಾಕಿ, ತುಂಬಾ ಸೆಕೆ ಇದ್ರೆ ಇನ್ನೂ ಬೇಗ. ಐಸ್ ಟ್ರೇಯಲ್ಲಿ ಹಾಕಿ ಫ್ರೀಜ್ ಮಾಡಿದ್ರೆ ಒಂದೊಂದು ಕ್ಯೂಬ್ ಒಂದೊಂದು ಹೊತ್ತಿಗೆ ಸರಿಹೋಗುತ್ತೆ, ಡಬ್ಬಿ ಮೇಲೆ ತಾರೀಖು ಬರೆದಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಿ. ಕರಗಿಸೋದು ಫ್ರಿಡ್ಜ್ ಒಳಗೇ, ಒಂದ್ಸಲ ಕರಗಿದ್ದನ್ನ ಮತ್ತೆ ಫ್ರೀಜ್ ಮಾಡ್ಬೇಡಿ. ಮೈಕ್ರೋವೇವಲ್ಲಿ ಬಿಸಿ ಮಾಡಿದ್ರೆ ಮೇಲೆ ತಣ್ಣಗಿದ್ದು ಮಧ್ಯೆ ಸುಡುವಷ್ಟು ಬಿಸಿ ಇರುತ್ತೆ, ಚೆನ್ನಾಗಿ ಕಲಸಿ ನಿಮ್ಮ ಮಣಿಕಟ್ಟಿನ ಮೇಲೆ ಒಂಚೂರು ಇಟ್ಟು ನೋಡಿ ಆಮೇಲೆ ಕೊಡಿ. ಜಾಲರಿ ಚೀಲದ ಫೀಡರ್ (ಒಳಗೆ ಹಣ್ಣು ತುಂಬಿ ಮಗುಗೆ ಚೀಪೋಕೆ ಕೊಡೋದು) ಬಳಸೋರು ಪ್ರತಿ ಸಲ ಜಾಲರಿ ಬಿಚ್ಚಿ ಒಳಮೈ ಹೊರಗೆ ಮಾಡಿ ಬ್ರಷ್ ಹಾಕಿ ತೊಳೀರಿ, ಸಂದಿಯಲ್ಲಿ ಹಣ್ಣು ಉಳಿದ್ರೆ ಮಾರನೇ ದಿನಕ್ಕೇ ಬೂಷ್ಟು ಹಿಡಿಯುತ್ತೆ, ಜಾಲರಿ ಎಲ್ಲಾದ್ರೂ ಹರಿದಿದ್ರೆ ಅವತ್ತೇ ಬದಲಾಯಿಸಿ.